ಕೋವಿಯ ತೋಟಾ: ವಯಸ್ಸಿಗಿಂತ ತೇವ, ತಾಪವೇ ಶತ್ರು

ಔಷಧದ ಪೊಟ್ಟಣದ ಮೇಲೆ ಇರುವಂತೆ ಕೋವಿಯ ತೋಟಾಗಳ ಪೆಟ್ಟಿಗೆಯ ಮೇಲೆ ಅವಧಿ ಮುಗಿಯುವ ದಿನಾಂಕ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ಅವು ಕೆಡುವುದೇ ಇಲ್ಲವೆಂದು ಭಾವಿಸಿದರೆ ತಪ್ಪಾಗುತ್ತದೆ. ತಂಪಾದ, ಒಣ ಜಾಗದಲ್ಲಿ ಭದ್ರವಾಗಿರಿಸಿದ ತೋಟಾಗಳು ದಶಕಗಳ ನಂತರವೂ ಕೆಲಸಕ್ಕೆ ಬರಬಲ್ಲವು. ಅದೇ ತೋಟಾಗಳು ತೇವದಲ್ಲಿ ಕೆಲವೇ ಮಳೆಗಾಲ ಕಳೆದರೆ ಅಪಾಯಕಾರಿಯಾಗಬಹುದು.

ಕೊಡಗು ಮತ್ತು ಮಲೆನಾಡಿನಲ್ಲಿ ಈ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ಕೃಷಿಕರು ಇಲ್ಲಿ ಅನೇಕರು. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ವಿಸ್ತರಿಸಿದ್ದು, ಅದು 2029ರ ಅಕ್ಟೋಬರ್‌ವರೆಗೆ ಜಾರಿಯಲ್ಲಿರುತ್ತದೆ. ತಿಂಗಳುಗಟ್ಟಲೆ ಸುರಿಯುವ ಮಳೆಯೇ ಇಲ್ಲಿನ ತೋಟಾಗಳಿಗೆ ದೊಡ್ಡ ಪರೀಕ್ಷೆ.

ಕೆಡುವುದು ಹೇಗೆ?

ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹೊರಕವಚ, ಕಿಡಿ ಹೊತ್ತಿಸುವ ಕೇಪು, ಮದ್ದು ಮತ್ತು ಗುಂಡು ಅಥವಾ ಚರೆ. ಹೊಗೆರಹಿತ ಮದ್ದಿನ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಇದು ತಯಾರಾದ ದಿನದಿಂದಲೇ ನಿಧಾನವಾಗಿ ವಿಘಟನೆಗೊಂಡು ಆಮ್ಲೀಯ ಅನಿಲಗಳನ್ನು ಹೊರಬಿಡುತ್ತದೆ. ಈ ಅನಿಲಗಳನ್ನು ಹೀರಿಕೊಳ್ಳಲು ಡೈಫಿನೈಲ್‌ಅಮೀನ್‌ನಂತಹ ರಾಸಾಯನಿಕವನ್ನು ಮದ್ದಿಗೆ ಸೇರಿಸಿರುತ್ತಾರೆ. ಅದು ಮುಗಿದ ಮೇಲೆ ವಿಘಟನೆ ತೀವ್ರವಾಗುತ್ತದೆ. ತಾಪ ಏರಿದಷ್ಟೂ ಈ ಕ್ರಿಯೆಗೆ ವೇಗ ಹೆಚ್ಚು. 1907ರಲ್ಲಿ ಫ್ರಾನ್ಸ್‌ನ ತುಲೋನ್ ಬಂದರಿನಲ್ಲಿ 'ಎಯೆನಾ' ಯುದ್ಧನೌಕೆ ಸ್ಫೋಟಗೊಂಡು ನೂರಕ್ಕೂ ಹೆಚ್ಚು ಮಂದಿ ಸತ್ತಾಗ, ಹೀಗೆ ಹಳಸಿದ ಮದ್ದಿನ ಮೇಲೆಯೇ ಸಂಶಯ ಬಿದ್ದಿತ್ತು.

ಹಿತ್ತಾಳೆಯ ಕವಚಕ್ಕೂ ಶತ್ರುಗಳಿವೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳ ಕವಚಗಳು ಸೀಳಿಹೋಗಿದ್ದವು. ಲಾಯದಲ್ಲಿದ್ದ ಅಮೋನಿಯಾವೇ ಇದಕ್ಕೆ ಕಾರಣವೆಂಬುದು 1921ರಲ್ಲಿ ವಿವರಿಸಲ್ಪಟ್ಟಿತು. ದನದ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ ತೋಟಾ ಇಡಬಾರದು ಎನ್ನಲು ಇದೊಂದೇ ನಿದರ್ಶನ ಸಾಕು.

ಹಾರದ ಗುಂಡಿನ ಅಪಾಯ

ಕೆಟ್ಟ ತೋಟಾ ಸಿಡಿಯದಿದ್ದರೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಲವೊಮ್ಮೆ ಕುದುರೆ ಎಳೆದು ಕ್ಷಣಗಳ ನಂತರ ಈಡು ಹಾರುತ್ತದೆ. ಆದ್ದರಿಂದ ಕೋವಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಇನ್ನೂ ದೊಡ್ಡ ಅಪಾಯ, ಸತ್ವ ಕಳೆದುಕೊಂಡ ಮದ್ದು ಗುಂಡನ್ನು ಪೂರ್ತಿ ಹೊರದೂಡದೆ ನಳಿಕೆಯಲ್ಲೇ ಸಿಲುಕಿಸುವುದು. ಅದನ್ನು ಗಮನಿಸದೆ ಮತ್ತೊಂದು ಈಡು ಹೊಡೆದರೆ ನಳಿಕೆ ಸಿಡಿದು ಕೈ, ಕಣ್ಣು ಹೋಗಬಹುದು. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿಸಿದರೆ ಕೋವಿ ಬಳಸುವುದನ್ನು ತಕ್ಷಣ ನಿಲ್ಲಿಸಬೇಕು.

ಸಂಗ್ರಹ ಹೇಗೆ?

* ತೋಟಾಗಳು ಮೂಲ ಪೆಟ್ಟಿಗೆಯಲ್ಲೇ ಇರಲಿ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕಾಲಕಾಲಕ್ಕೆ ಬದಲಿಸಿ.
* ಒಲೆಯ ಮೇಲಿನ ಅಟ್ಟ, ಹೆಂಚಿನ ಅಡಿಯ ಬಿಸಿ ಜಾಗ, ಬಿಸಿಲಲ್ಲಿ ನಿಲ್ಲುವ ವಾಹನ ಸೂಕ್ತವಲ್ಲ.
* ಚರ್ಮದ ಪಟ್ಟಿಯಲ್ಲಿ ಬಹುಕಾಲ ಬಿಟ್ಟ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ.
* ತೋಟಾಗಳಿಗೆ ಎಣ್ಣೆ ಹಚ್ಚಬಾರದು. ಎಣ್ಣೆ ಒಳಗಿಳಿದರೆ ಕೇಪು ಸಾಯುತ್ತದೆ.
* ಖರೀದಿಯ ದಿನಾಂಕ ಬರೆದಿಟ್ಟು ಹಳೆಯದನ್ನು ಮೊದಲು ಬಳಸಿ.
* ಕೋವಿಯಿಂದ ಪ್ರತ್ಯೇಕವಾಗಿ, ಬೀಗದ ಭದ್ರತೆಯಲ್ಲಿ, ಮಕ್ಕಳ ಕೈಗೆ ಸಿಗದಂತಿಡಿ.

ಕಿಲುಬು, ತುಕ್ಕು, ಬಿರುಕು ಕಂಡ ತೋಟಾ, ತೇವ ಹೀರಿ ಉಬ್ಬಿದ ಹಳೆಯ ಕಾಗದದ ತೋಟಾ ಬಳಕೆಗೆ ಯೋಗ್ಯವಲ್ಲ. ಅವನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಹೋದ ಸತ್ವ ಮರಳದು.

ಕೆಟ್ಟ ತೋಟಾಗಳನ್ನು ಸುಡುವುದು, ಹೂಳುವುದು, ಕೆರೆಗೆ ಎಸೆಯುವುದು ಸಲ್ಲದು. ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಪಡೆದ ಶಸ್ತ್ರಾಸ್ತ್ರ ವ್ಯಾಪಾರಿಗೆ ತಿಳಿಸಿ ಅವರ ಸೂಚನೆಯಂತೆ ಒಪ್ಪಿಸುವುದೇ ಸರಿಯಾದ ಮಾರ್ಗ. ಪರವಾನಗಿಯ ಅವಧಿ ಮುಗಿದು ಅಥವಾ ಬೇರಾವುದೇ ಕಾರಣಕ್ಕೆ ಮದ್ದುಗುಂಡು ಹೊಂದುವ ಹಕ್ಕು ಕೊನೆಗೊಂಡರೆ, ಅನಗತ್ಯ ವಿಳಂಬವಿಲ್ಲದೆ ಅವನ್ನು ಠೇವಣಿ ಇಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಮನೆಯ ಹಿರಿಯರು ತೀರಿಕೊಂಡ ನಂತರ ಅವರ ಟ್ರಂಕಿನಲ್ಲಿ ಸಿಗುವ ಹಳೆಯ ತೋಟಾಗಳನ್ನು ನೆನಪಿನ ವಸ್ತುವೆಂದು ಉಳಿಸಿಕೊಳ್ಳುವವರು ಈ ನಿಯಮವನ್ನು ಮರೆಯಬಾರದು.