ಯಂತ್ರವು ಕಾಡನ್ನು ಬಳಸಿ ಹೋಗುವ ಬಗೆ

ಮೈಸೂರಿನಿಂದ ಕಲ್ಲಿಕೋಟೆಗೆ ಹೋಗುವ ಹೆದ್ದಾರಿಯು ಬಂಡೀಪುರದ ಅರಣ್ಯವನ್ನು ಹಾದುಹೋಗುತ್ತದೆ. ವಾಹನಗಳಿಗೆ ಸಿಲುಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಅಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಸಂಚಾರವನ್ನು ನಿಷೇಧಿಸಲಾಯಿತು; ಮರುವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ರಾತ್ರಿಯ ಪ್ರಯಾಣಿಕನು ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೇಲೆ ಬಳಸಿ ಹೋಗಬೇಕು. ಮೊಬೈಲಿನಲ್ಲಿ ದಾರಿ ಹುಡುಕಿಕೊಡುವ ತಂತ್ರಾಂಶಕ್ಕೆ, ಈ ಕಾಡನ್ನು ಬಿಟ್ಟು ದಾರಿ ತೋರೆಂದು ನಾವು ತಿಳಿಸುವುದು ಹೇಗೆ?

ಯಂತ್ರಕ್ಕೆ ಕಾಡೂ ಕಾಣದು, ಆನೆಯೂ ಕಾಣದು. ಅದರ ಪಾಲಿಗೆ ನಾಡೆಲ್ಲವೂ ಒಂದು ಬಲೆ. ರಸ್ತೆಗಳು ಕೂಡುವ ಸ್ಥಳಗಳೇ ಗಂಟುಗಳು, ರಸ್ತೆಗಳೇ ಎಳೆಗಳು. ಪ್ರತಿಯೊಂದು ಎಳೆಗೂ ನಿಮಿಷಗಳಲ್ಲಿ ಒಂದು ಬೆಲೆಯುಂಟು. ಹೊರಟ ಗಂಟಿನಿಂದ ಅತ್ಯಲ್ಪ ಬೆಲೆಗೆ ಮುಟ್ಟಬಹುದಾದ ಗಂಟುಗಳನ್ನು ಒಂದೊಂದಾಗಿ ಗೊತ್ತುಮಾಡಿಕೊಳ್ಳುತ್ತ ಗುರಿಯನ್ನು ಸೇರುವ ಕ್ರಮವನ್ನು ಹಾಲೆಂಡಿನ ಡೈಕ್‌ಸ್ಟ್ರಾ 1956ರಲ್ಲಿ ಕಂಡುಕೊಂಡು 1959ರಲ್ಲಿ ಪ್ರಕಟಿಸಿದನು. ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ, ಕಾಗದ ಪೆನ್ಸಿಲುಗಳಿಲ್ಲದೆ, ಇಪ್ಪತ್ತು ನಿಮಿಷಗಳಲ್ಲಿ ಅದು ಹೊಳೆಯಿತೆಂದು ಆತನೇ ಹೇಳಿಕೊಂಡಿದ್ದಾನೆ. (ಪರೀಕ್ಷೆಯಲ್ಲಿ ಕಾಗದ ಸಾಲದೆನ್ನುವ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು!)

ಕಾಡನ್ನು ತಪ್ಪಿಸಲು ಮೊದಲು ಅದರ ಗಡಿಯನ್ನು ನಕ್ಷೆಯ ಮೇಲೆ ಬಹುಭುಜಾಕೃತಿಯಾಗಿ ಗುರುತಿಸಬೇಕು. ಒಂದು ಬಿಂದುವು ಅದರ ಒಳಗಿದೆಯೋ ಹೊರಗಿದೆಯೋ? ಆ ಬಿಂದುವಿನಿಂದ ಯಾವುದಾದರೊಂದು ದಿಕ್ಕಿಗೆ ದೂರದವರೆಗೆ ಸರಳರೇಖೆಯನ್ನೆಳೆದು, ಅದು ಗಡಿಯನ್ನು ಎಷ್ಟು ಸಲ ದಾಟಿತೆಂದು ಎಣಿಸಿರಿ. ಬೆಸಸಂಖ್ಯೆಯಾದರೆ ಒಳಗೆ, ಸಮಸಂಖ್ಯೆಯಾದರೆ ಹೊರಗೆ. ಇಷ್ಟೇ ಸಾಲದು. ರಸ್ತೆಯ ಎರಡು ಕೊನೆಗಳೂ ಹೊರಗಿದ್ದು ನಡುಭಾಗ ಮಾತ್ರ ಕಾಡನ್ನು ಸೀಳಿ ಹೋಗಬಹುದು. ಆದಕಾರಣ ರಸ್ತೆಯ ರೇಖೆಯು ಗಡಿಯ ರೇಖೆಯನ್ನು ಛೇದಿಸುವುದೇ ಎಂಬುದನ್ನೂ ನೋಡಬೇಕು. ಹೀಗೆ ಸಿಕ್ಕಿದ ಎಳೆಗಳ ಬೆಲೆ ಅನಂತವೆಂದು ಬರೆದರೆ, ಯಂತ್ರವು ತಾನಾಗಿಯೇ ಬಳಸುದಾರಿಯನ್ನು ಹಿಡಿಯುತ್ತದೆ.

ಆದರೆ ಬಂಡೀಪುರದ ದಾರಿ ಹಗಲು ತೆರೆದಿರುತ್ತದಲ್ಲ! ತೊಡಕಿರುವುದು ಇಲ್ಲಿಯೇ. ಮೈಸೂರಿನಿಂದ ಸಂಜೆ 7-30ಕ್ಕೆ ಹೊರಟು ನಡುವೆ ಊಟಕ್ಕೆ ನಿಂತವನು ಅರಣ್ಯದ ಗೇಟನ್ನು ಮುಟ್ಟುವಾಗ 9-10 ಆಗಿರಬಹುದು. ಹೊರಟ ಹೊತ್ತನ್ನು ಮಾತ್ರ ನೋಡಿ ದಾರಿ ಹೇಳಿದ ತಂತ್ರಾಂಶವು ಅವನನ್ನು ಮುಚ್ಚಿದ ಗೇಟಿನ ಮುಂದೆ ನಿಲ್ಲಿಸುತ್ತದೆ. ಪರಿಹಾರವು ಡೈಕ್‌ಸ್ಟ್ರಾನ ಕ್ರಮದಲ್ಲಿಯೇ ಅಡಗಿದೆ. ಬೆಲೆಯನ್ನು ನಿಮಿಷಗಳಲ್ಲಿ ಎಣಿಸಿದಾಗ, ಯಾವುದೇ ಗಂಟಿನವರೆಗಿನ ಒಟ್ಟು ಬೆಲೆಯನ್ನು ಹೊರಟ ಹೊತ್ತಿಗೆ ಕೂಡಿದರೆ ಅಲ್ಲಿಗೆ ಮುಟ್ಟುವ ವೇಳೆ ದೊರೆಯುತ್ತದೆ. ಆ ವೇಳೆಯನ್ನು ಕಂಡು ಮುಂದಿನ ಎಳೆಗೆ ಬೆಲೆ ಕಟ್ಟಬೇಕು. 9-10ಕ್ಕೆ ಬಂದವನಿಗೆ ಕಾಡಿನ ರಸ್ತೆಯ ಬೆಲೆ ಅನಂತವೇನಲ್ಲ. ಎಂದಿನ ಬೆಲೆಯೊಂದಿಗೆ ಕಾಯುವ 530 ನಿಮಿಷಗಳನ್ನು ಕೂಡಿದರಾಯಿತು. ಬೆಳಗಿನ 5-30ಕ್ಕೆ ಬಂದವನಿಗಾದರೋ, ಹಿಂತಿರುಗಿ ಹುಣಸೂರಿನ ದಾರಿ ಹಿಡಿಯುವುದಕ್ಕಿಂತ ಅಲ್ಲಿಯೇ ಅರ್ಧ ಗಂಟೆ ನಿಲ್ಲುವುದು ಲಾಭವೆಂದು ಅದೇ ಲೆಕ್ಕವು ಹೇಳುತ್ತದೆ.