ಗಂಡ ಸತ್ತ ಮೇಲೆ ಓದಿದ ಉಯಿಲು: 'ಮಿಡಲ್‌ಮಾರ್ಚ್' ಕಥೆ ಏನು?

ಇವತ್ತು ಒಂದು ಹಳೇ ಇಂಗ್ಲಿಷ್ ಕಾದಂಬರಿ ಬಗ್ಗೆ ಮಾತಾಡೋಣ. ಜಾರ್ಜ್ ಎಲಿಯಟ್ ಅವರ 'ಮಿಡಲ್‌ಮಾರ್ಚ್'. ಹೆಸರು ಗಂಡಸಿನದ್ದು, ಬರೆದವರು ಮೇರಿ ಆ್ಯನ್ ಎವಾನ್ಸ್. 1871-72ರಲ್ಲಿ ಕಂತುಕಂತಾಗಿ ಬಂತು. ಕಥೆ ನಡೆಯೋದು ಅದಕ್ಕೂ ಸುಮಾರು 40 ವರ್ಷ ಹಿಂದೆ. ಮೊದಲೇ ಹೇಳ್ತೀನಿ, ಸ್ಪಾಯ್ಲರ್ ಇದೆ!

ಡೊರೊಥಿಯಾಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಮಹಾ ಪಂಡಿತ ಅಂತ ನಂಬಿ, 45 ದಾಟಿದ ಕಸಾಬನ್ ಅನ್ನೋ ಪಾದ್ರಿಯನ್ನ ಮದುವೆಯಾಗ್ತಾಳೆ. ಆತ ಬರೀತಿರೋ ಮಹಾಗ್ರಂಥ ಮುಗಿಯೋ ಲಕ್ಷಣವೇ ಇಲ್ಲ. 'ನಾನು ಸತ್ತ ಮೇಲೂ ನನ್ನ ಇಚ್ಛೆಯಂತೆ ನಡೀತೀಯಾ?' ಅಂತ ಮಾತು ಕೇಳ್ತಾನೆ. ಅವಳು ಉತ್ತರ ಕೊಡೋಕೆ ತೋಟಕ್ಕೆ ಹೋಗೋಷ್ಟರಲ್ಲಿ ಆತ ತೀರಿಕೊಂಡಿರ್ತಾನೆ.

ಗುಟ್ಟು ಹೊರಬೀಳೋದು ಆಮೇಲೆ. ಉಯಿಲಿಗೆ ಆತ ಸದ್ದಿಲ್ಲದೆ ಒಂದು ಷರತ್ತು ಸೇರಿಸಿದ್ದ: ತನ್ನ ಸಂಬಂಧಿ ವಿಲ್ ಲ್ಯಾಡಿಸ್ಲಾನನ್ನ ಡೊರೊಥಿಯಾ ಮದುವೆಯಾದರೆ ಆಸ್ತಿ ಪೂರ್ತಿ ಹೋಗುತ್ತೆ. ತಂಗಿ ಸೀಲಿಯಾ ಈ ಸುದ್ದಿ ಹೇಳ್ತಾಳೆ. ಮಜಾ ಅಂದ್ರೆ, ವಿಲ್ ತನ್ನ ಪ್ರೇಮಿ ಆಗಬಹುದು ಅನ್ನೋ ಯೋಚನೆ ಡೊರೊಥಿಯಾಗೆ ಅಲ್ಲಿವರೆಗೂ ಬಂದೇ ಇರಲಿಲ್ಲ. ಅದನ್ನ ತಲೆಗೆ ಹಾಕಿದ್ದೇ ಸತ್ತ ಗಂಡ!

ಇದು ಬರೀ ಹೊಟ್ಟೆಕಿಚ್ಚಿನ ಕಥೆ ಅಲ್ಲ. ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿನ ಸ್ವತ್ತಿನ ಮೇಲೆ ಹೆಚ್ಚಿನ ಹಿಡಿತ ಗಂಡನದ್ದು. ವಿಧವೆಗಾದರೆ ತನ್ನ ಹೆಸರಲ್ಲೇ ಆಸ್ತಿ ಇಟ್ಟುಕೊಳ್ಳೋ, ವ್ಯವಹಾರ ಮಾಡೋ ಅವಕಾಶ. 1882ರ ಕಾನೂನು ಬಂದ ಮೇಲಷ್ಟೇ ಗೃಹಿಣಿಯರಿಗೂ ಆ ಹಕ್ಕು ಪೂರ್ತಿ ಸಿಕ್ಕಿದ್ದು. ಅಂದ್ರೆ ಹೆಣ್ಣು ಸ್ವಲ್ಪ ಉಸಿರಾಡೋ ಕಾಲಕ್ಕೇ ಕಸಾಬನ್ ಬೀಗ ಹಾಕಿದ್ದ.

ನಮ್ಮಲ್ಲೂ ಬ್ರಿಟಿಷರು ತಂದ 1856ರ ವಿಧವಾ ಪುನರ್ವಿವಾಹ ಕಾಯ್ದೆ ಇಂಥದ್ದೇ ಪೆಟ್ಟು ಕೊಟ್ಟಿತ್ತು. ಮರುಮದುವೆಗೆ ಒಪ್ಪಿಗೆ ಇತ್ತು, ಆದರೆ ಮದುವೆಯಾದ ಕೂಡಲೇ ಮೊದಲ ಗಂಡನ ಆಸ್ತಿಯ ವಿಷಯದಲ್ಲಿ ಅವಳು ಸತ್ತಂತೆಯೇ ಲೆಕ್ಕ.

ಡೊರೊಥಿಯಾ ಕೊನೆಗೆ ಆಸ್ತಿ ಬಿಟ್ಟು ವಿಲ್ ಕೈ ಹಿಡೀತಾಳೆ. ಹೆತ್ತವರಿಂದ ಬಂದ ವರ್ಷಕ್ಕೆ 700 ಪೌಂಡ್ ಅವಳಿಗಿತ್ತು, ಅದನ್ನ ಮರೆಯೋ ಹಾಗಿಲ್ಲ. ಅದಿಲ್ಲದ ವಿಧವೆಗೆ ಈ ಧೈರ್ಯ ಎಲ್ಲಿಂದ ಬರಬೇಕು? ವಿಲ್ ನನಗಂತೂ ಸ್ವಲ್ಪ ಸಪ್ಪೆ ಹೀರೋ. ಪುಸ್ತಕ ದಪ್ಪ ಇದೆ, ಆಡಿಯೊ ಬುಕ್ ಕೇಳೋರು ಐದನೇ ಭಾಗದವರೆಗೆ ತಾಳ್ಮೆಯಿಂದಿರಿ. ಷರತ್ತು ಬಯಲಾಗೋದು ಅಲ್ಲೇ. ಆ ಭಾಗದ ಹೆಸರು, 'ಸತ್ತವನ ಕೈ'.