ಮೊದಲು ಕೊಕ್ಕು, ಆಮೇಲೆ ಹೆಸರು

ಜನವರಿಯ ಬೆಳಗಿನ ಐದೂವರೆಗೆ ಹೋಪ್ ಫಾರ್ಮ್ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಹಾಲು ಉಕ್ಕುತ್ತಿರುತ್ತದೆ. ರಾತ್ರಿ ಪಾಳಿ ಮುಗಿಸಿ ಕೊರಳಿನ ಐಡಿ ಕಾರ್ಡು ತೆಗೆಯುವುದನ್ನೂ ಮರೆತು ನಿಂತ ಹುಡುಗರು, ಲಾರಿ ಡ್ರೈವರುಗಳು, ಹೂವಿನ ಮೂಟೆ ಇಳಿಸುವ ಹೆಂಗಸರು, ಎಲ್ಲರ ಕೈಯಲ್ಲೂ ಹಬೆಯಾಡುವ ಲೋಟ. ನೀವೂ ಒಂದು ಲೋಟ ಹಿಡಿದುಕೊಳ್ಳಿ. 2023ರಲ್ಲಿ ಮೆಟ್ರೊ ಬಂದು ನಿಂತ ಕಾಡುಗೋಡಿಯನ್ನು ದಾಟಿ ಹೊಸಕೋಟೆಯ ಕಡೆ ಹೊರಟರೆ ಗಾಜಿನ ಕಟ್ಟಡಗಳು ಒಂದೊಂದಾಗಿ ಹಿಂದೆ ಸರಿದು ಗೋದಾಮುಗಳು ಬರುತ್ತವೆ. ಅವುಗಳ ನಡುವೆ ಹೇಗೋ ಉಳಿದುಕೊಂಡ ನೀಲಗಿರಿ ತೋಪು, ಕೊನೆಗೆ ದಕ್ಷಿಣ ಪಿನಾಕಿನಿಯ ನೀರು ತುಂಬುವ ಹೊಸಕೋಟೆ ಕೆರೆಯ ಏರಿ.

ಇನ್ನೂ ಕತ್ತಲು. ಜೊಂಡಿನ, ಕೆಸರಿನ, ಹಸಿ ಮೀನಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಹೆದ್ದಾರಿಯ ಲಾರಿಗಳ ಮೊರೆತವನ್ನು ಸೀಳಿಕೊಂಡು ಒಂದು ಗಾಬರಿಯ ಕೂಗು ತಲೆಯ ಮೇಲೇ ಹಾದುಹೋಗುತ್ತದೆ. ಟಿಟ್ಟಿಭ. ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಸಿಗುವ ಈ ಹಕ್ಕಿಗೆ ಅದರ ಕೂಗೇ ಹೆಸರಾಗಿದೆ. ಬೆಳಕು ಹರಿದ ಮೇಲೆ ಕಣ್ಣಿನ ಮುಂದಿನ ತೊಗಲು ಕೆಂಪಗೆ ಕಂಡರೆ ಕೆಂಪು ಟಿಟ್ಟಿಭ. ಹಳದಿಯಾಗಿದ್ದರೆ ಒಣ ಬಯಲನ್ನೇ ಮೆಚ್ಚುವ ಅದರ ದಾಯಾದಿ.

ಜೊತೆಗೆ ಬಂದಿರುವ ಪಕ್ಕದ ಮನೆಯ ಹುಡುಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಹೊಸ ಕ್ಯಾಮೆರಾ, ಹೊಸ ಉತ್ಸಾಹ. ನೀರಿನ ಮೇಲೆ ಏನೋ ಅಲುಗಿತೆಂದು ಅದನ್ನು ಎತ್ತುವಷ್ಟರಲ್ಲಿ ಅಲ್ಲಿ ಬರೀ ಉಂಗುರದಲೆ. "ಅಂಕಲ್, ಏನದು?" ಎಂದ. ಉತ್ತರ ಬಂದದ್ದು ಹರಿಗೋಲಿನಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರನಿಂದ: "ಗುಳುಮುಳುಕ ಸಾರ್. ಇಲ್ ಮುಳುಗ್ತದೆ, ಅಲ್ ಏಳ್ತದೆ. ನೀವ್ ಮುಂದೆ ನೋಡ್ಕಂಡಿರಿ." ಹತ್ತು ಮಾರು ಆಚೆ ಗುಂಡಗಿನ ಪುಟ್ಟ ತಲೆಯೊಂದು ಮೇಲೆದ್ದಿತು.

ಹಕ್ಕಿ ಗುರುತಿಸುವ ಪಾಠದ ಅರ್ಧ ಭಾಗ ಆ ಹೆಸರಿನಲ್ಲೇ ಇದೆ ಎಂದು ನನ್ನ ನಂಬಿಕೆ. ಕಪ್ಪು ಮೈಯ ನೀರಕೋಳಿಯ ಹಣೆಯಲ್ಲಿ ಬಿಳಿ ಪಟ್ಟೆ ಕಂಡವರು ಅದನ್ನು ನಾಮದ ಕೋಳಿ ಎಂದರು. ತನ್ನ ಮೈಗೆ ಹೊಂದದಷ್ಟು ಉದ್ದದ ಗುಲಾಬಿ ಕಾಲಿನ ಮೇಲೆ ನಡೆಯುವುದು ಮೆಟ್ಟುಗಾಲು ಹಕ್ಕಿ. ದಡದಲ್ಲಿ ಓಡಾಡುತ್ತ ಬಾಲವನ್ನು ಬಿಡದೆ ಕುಣಿಸುವ ಸಿಪಿಲೆಗೆ ಕುಂಡೆಕುಸ್ಕ ಎಂಬ ಹೆಸರೂ ಉಂಟು. ದುರ್ಬೀನಿಲ್ಲದ ಕಾಲದಲ್ಲಿ ಯಾರೋ ಹೊಲದ ಬದುವಿನ ಮೇಲೆ ಕೂತು ಸಮಾಧಾನದಿಂದ ನೋಡಿದ್ದರ ಫಲ ಈ ಹೆಸರುಗಳು. ಇವು ಬಾಯಿಂದ ಬಾಯಿಗೆ ಉಳಿಯಬೇಕೆಂಬ ಆಸೆ ನನಗೆ ಬಹಳ.

ಹುಡುಗನಿಗೆ ಆತುರ. ಬಣ್ಣ ಕಂಡ ಕೂಡಲೇ ಮೊಬೈಲಿನಲ್ಲಿ ಹೆಸರು ಹುಡುಕುತ್ತಾನೆ. ಬಣ್ಣವೋ ಬೆಳಕಿನೊಂದಿಗೆ ಬದಲಾಗುತ್ತದೆ, ಎದುರು ಬಿಸಿಲಿಗೆ ಎಲ್ಲ ಹಕ್ಕಿಯೂ ಕಪ್ಪು. ಆದ್ದರಿಂದ ಮೊದಲು ಗಾತ್ರ ನೋಡು ಎಂದೆ. ಸಲೀಂ ಅಲಿಯವರು 1941ರಲ್ಲಿ ಹೊರತಂದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಅಳತೆಗೋಲಾದದ್ದು ಎಲ್ಲರೂ ಬಲ್ಲ ಹಕ್ಕಿಗಳೇ: ಗುಬ್ಬಚ್ಚಿಯಷ್ಟೋ, ಗೊರವಂಕದಷ್ಟೋ, ಕಾಗೆಗಿಂತ ದೊಡ್ಡದೋ. ಆಮೇಲೆ ಕೊಕ್ಕು, ಕಾಲು, ಬಾಲ, ನಡಿಗೆ, ಕೂಗು.

ಕೆಸರಂಚಿನಲ್ಲಿ ಕಂದು ಬಣ್ಣದ ಗದ್ದೆಗೊರವಗಳು. ಮೊದಲ ನೋಟಕ್ಕೆ ಎಲ್ಲ ಒಂದೇ. ತುಸು ಹೊತ್ತು ಕುಳಿತುಕೊಳ್ಳಿ. ಒಂದು ಹಿಂಭಾಗವನ್ನು ಸದಾ ಮೇಲೆ ಕೆಳಗೆ ಆಡಿಸುತ್ತಿದೆ, ಹೊಟ್ಟೆಯ ಬಿಳುಪು ಭುಜದ ಮುಂದೆ ಬೆಣೆಯಂತೆ ಮೇಲೇರಿದೆ. ಇನ್ನೊಂದರ ಬೆನ್ನ ತುಂಬ ಚುಕ್ಕಿ, ಕಣ್ಣಿನ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು. ಮೂರನೆಯದು ಕಡುಗಪ್ಪು ಬೆನ್ನಿನದು; ಹಾರಿದಾಗ ಬಾಲದ ಬುಡ ಬೆಳ್ಳಗೆ ಹೊಳೆಯಿತು. ಉತ್ತರದ ಚಳಿ ನಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಬೆಂಗಳೂರಿನ ಅಂಚಿನ ಈ ಕೆಸರನ್ನು ಹುಡುಕಿಕೊಂಡು ಬರುವ ಅತಿಥಿಗಳಿವು. ಕೆರೆಯಂಗಳ ಒತ್ತುವರಿಯಾದರೆ ಮೊದಲು ಹೋಗುವುದು ನೀರಲ್ಲ, ಈ ಮೊಳಕಾಲುದ್ದದ ಕೆಸರಂಚು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಕೆರೆಗಳಲ್ಲಿ ನೀರಹಕ್ಕಿಗಳನ್ನು ಎಣಿಸುವ ಕೆಲಸ ನಡೆದಿದೆ. ಗುರುತು ತಪ್ಪಿದರೆ ಲೆಕ್ಕವೂ ತಪ್ಪು. ಯಾವ ಹಕ್ಕಿ ಬರುವುದು ನಿಲ್ಲಿಸಿತು ಎಂಬುದೇ ತಿಳಿಯದೆ ಹೋಗುತ್ತದೆ.

ಬಿಸಿಲು ಬಲಿತಾಗ ಬಲೆಯ ಸುತ್ತ ಬೆಳ್ಳಕ್ಕಿಗಳು ನೆರೆದವು. "ಇವೆಲ್ಲ ಬೆಳ್ಳಕ್ಕಿ ತಾನೆ?" ಎಂದ ಹುಡುಗ. ಹೌದು, ಆದರೆ ಹತ್ತಿರದಿಂದ ನೋಡು. ಕಪ್ಪು ಕೊಕ್ಕು, ಕಪ್ಪು ಕಾಲು. ಆ ಕಾಲನ್ನು ನೀರಿಂದ ಎತ್ತಿದಾಗ ಬೆರಳು ಮಾತ್ರ ಅರಿಶಿನದಲ್ಲಿ ಅದ್ದಿದಂತೆ. ಅದೇ ಪಾದದಿಂದ ಕೆಸರು ಕಲಕಿ ಮೀನನ್ನು ಎಬ್ಬಿಸುತ್ತಿದೆ. ಇದು ಸಣ್ಣ ಬೆಳ್ಳಕ್ಕಿ. ಏರಿಯ ಹುಲ್ಲಿನಲ್ಲಿ ದನದ ಹಿಂದೆ ನಡೆದಿರುವ ಗಿಡ್ಡ ಕತ್ತಿನ, ಹಳದಿ ಕೊಕ್ಕಿನದು ಗೋವಕ್ಕಿ. ಕಷ್ಟ ಇರುವುದು ಹಳದಿ ಕೊಕ್ಕಿನ ದೊಡ್ಡದು ಮತ್ತು ನಡುಗಾತ್ರದ್ದರ ನಡುವೆ. ಒಂಟಿಯಾಗಿ ನಿಂತಾಗ ಗಾತ್ರ ಮೋಸ ಮಾಡುತ್ತದೆ. ಆಗ ಬಾಯಿಯ ಗೆರೆ ನೋಡಬೇಕು. ನಡುಗಾತ್ರದ ಬೆಳ್ಳಕ್ಕಿಯಲ್ಲಿ ಆ ಗೆರೆ ಕಣ್ಣಿನ ಕೆಳಗೆ ನಿಲ್ಲುತ್ತದೆ, ದೊಡ್ಡದರಲ್ಲಿ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಹುಡುಗ ದುರ್ಬೀನನ್ನು ಕಣ್ಣಿಗೊತ್ತಿ ಬಹಳ ಹೊತ್ತು ನಿಂತ. ಕ್ಯಾಮೆರಾ ಹೆಗಲಲ್ಲಿ ತೂಗುತ್ತಿತ್ತು. "ದಾಟಿದೆ ಅಂಕಲ್," ಎಂದ, ಪಿಸುಮಾತಿನಲ್ಲಿ.

ಮರಳುವಾಗ ಕಾಡುಗೋಡಿಯ ಹತ್ತಿರ ವಾಹನಗಳ ಸಾಲು. ಮುಂದೆ ಕಂಪನಿ ಬಸ್ಸು, ಪಕ್ಕದಲ್ಲಿ ಕಾಂಕ್ರೀಟ್ ಲಾರಿ. ಗಾಜಿನ ಕಟ್ಟಡವೊಂದರ ಮೇಲೆ ಕಂದು ಬಣ್ಣದ ಹಕ್ಕಿ ಗಿರಕಿ ಹೊಡೆಯುತ್ತಿತ್ತು. ಹದ್ದಿರಬೇಕು ಎಂದು ನಾನು ಮತ್ತೆ ನೋಡಲಿಲ್ಲ. ಹುಡುಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಾಲ ಕವಲಾಗಿಲ್ಲ, ಗುಂಡಗಿದೆ," ಎಂದ. ಇಣುಕಿದೆ. ಗರುಡದ ಎಳೆಯದು, ಎದೆಯ ಬಿಳುಪು, ಬೆನ್ನಿನ ಕೆಂಗಂದು ಇನ್ನೂ ಬಂದಿರಲಿಲ್ಲ.